ಐಸಾಕ್ ಹೇಯ್ಸ್: ಎಲ್ಲಿಂದ ಕೇಳಬೇಕು, ಯಾವಾಗ ನೋಡಬೇಕು

ಐಸಾಕ್ ಹೇಯ್ಸ್ ಹೆಸರು ಗೊತ್ತಿರುವವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಆತ ‘ಶಾಫ್ಟ್’ ಚಿತ್ರದ ಹಾಡು ಕಟ್ಟಿದ ಗಾಯಕ: ಬೋಳುತಲೆ, ಕಪ್ಪು ಕನ್ನಡಕ, ಅಂಗಿಯ ಬದಲು ಚಿನ್ನದ ಬಣ್ಣದ ಸರಪಳಿ. ಇನ್ನೊಂದಕ್ಕೆ ‘ಸೌತ್ ಪಾರ್ಕ್’ ಕಾರ್ಟೂನಿನಲ್ಲಿ ಶಾಲೆಯ ಅಡುಗೆಯವನಾದ ಶೆಫ್‌ನ ದನಿ. ಇಬ್ಬರೂ ಮಾಡುವ ತಪ್ಪು ಒಂದೇ. ನಡುವಿನಿಂದಲೋ ಕೊನೆಯಿಂದಲೋ ಶುರುಮಾಡಿ, ಹಾಡುಗಾರ ಬೇರೆ, ನಟ ಬೇರೆ ಅಂದುಕೊಳ್ಳುತ್ತಾರೆ. ಹೇಯ್ಸ್ ನಟನಾದದ್ದು ಕ್ಯಾಮೆರಾ ಮುಂದೆ ನಿಂತಾಗ ಅಲ್ಲ. 1969ರಲ್ಲಿ, ಒಂದು ಹಾಡು ಹಾಡುವ ಮುಂಚೆ ಎಂಟು ನಿಮಿಷಕ್ಕೂ ಮಿಕ್ಕಿ ಸುಮ್ಮನೆ ಮಾತಾಡಿದಾಗಲೇ. ಕೆಳಗಿನ ಕ್ರಮ ಆ ಎಂಟು ನಿಮಿಷವನ್ನು ನಡುಗಂಬವಾಗಿ ಇಟ್ಟುಕೊಂಡದ್ದು. ಅದಕ್ಕೆ ಮೊದಲು ಏನು ಕೇಳಬೇಕು, ಆಮೇಲೆ ಏನು ನೋಡಬೇಕು ಎಂಬುದಷ್ಟೇ ಇಲ್ಲಿರುವುದು.

ಹೇಯ್ಸ್ ಹಾಡಿದ್ದು ಸೋಲ್ ಸಂಗೀತ. ಸೋಲ್ ಅಂದರೆ ನಮ್ಮ ಸೋಲು-ಗೆಲುವಿನ ಸೋಲಲ್ಲ, ಅದೂ ಹೇಳಿಬಿಡೋಣ. ಚರ್ಚಿನ ಹಾಡಿನ ಕಸುವನ್ನು ಪ್ರೇಮದ, ಬದುಕಿನ ಮಾತಿಗೆ ತಿರುಗಿಸಿದ ಕಪ್ಪು ಅಮೆರಿಕನ್ನರ ಸಂಗೀತ ಅದು.

ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ

ಎಲ್ಲ ಸೇರಿ ಹದಿಮೂರು ಗಂಟೆಯ ಆಸುಪಾಸು ಆಗುತ್ತದೆ. ಎರಡು ವಾರಾಂತ್ಯ ಸಾಕು.

ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ. ಹೇಯ್ಸ್‌ದು ತಳದ ದನಿ, ಅದರ ಅಡಿಯಲ್ಲಿ ಬೇಸ್ ಗಿಟಾರ್, ಅದರ ಜೊತೆಗೆ ಆರ್ಗನ್. ಸಣ್ಣ ಸ್ಪೀಕರು ಇವು ಮೂರನ್ನೂ ನುಂಗಿ ಮೇಲಿನ ಪಿಟೀಲಿನ ದನಿಯನ್ನಷ್ಟೇ ಕೊಡುತ್ತದೆ. ಆಗ ಹಾಡು ‘ಏನೋ ಮದುವೆ ಮನೆ ಆರ್ಕೆಸ್ಟ್ರಾ’ ಅನ್ನಿಸುತ್ತದೆ. ಸಾಧಾರಣ ಹೆಡ್‌ಫೋನ್ ಆದರೂ ಆಗುತ್ತದೆ.

ಆ್ಯಪ್‌ನಲ್ಲಿ ಕೇಳುವವರು ಎರಡು ಸ್ವಿಚ್ ನೋಡಿಕೊಳ್ಳಿ. ಶಫಲ್ ಆಫ್ ಇರಲಿ. ಒಂದು ಹಾಡು ಮುಗಿಯುವ ಮೊದಲೇ ಮುಂದಿನದನ್ನು ಬೆರೆಸುವ ಕ್ರಾಸ್‌ಫೇಡ್ ಕೂಡ ಆಫ್ ಇರಲಿ. ‘ಶಾಫ್ಟ್’ ಹಾಡಿನ ಮೊದಲ ಕ್ಷಣಗಳಲ್ಲಿ ಡ್ರಮ್ಮಿನ ಜೋಡಿತಾಳ ಒಂದೇ ಇರುತ್ತದೆ. ಕ್ರಾಸ್‌ಫೇಡ್ ಅದನ್ನೇ ತಿಂದುಹಾಕುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ‘ಬೆಸ್ಟ್ ಆಫ್’ ಸಂಕಲನಗಳಿಂದ ಶುರುಮಾಡಬೇಡಿ. ಅವುಗಳಲ್ಲಿ ಹೆಚ್ಚಾಗಿ ಇರುವುದು ರೇಡಿಯೋಗೆಂದು ಕತ್ತರಿಸಿದ ಸಿಂಗಲ್‌ಗಳು. ಬೇರೆ ಗಾಯಕರಿಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಹೇಯ್ಸ್‌ಗೆ ಮಾತ್ರ ಕತ್ತರಿ ಬಿದ್ದದ್ದೇ ತಿರುಳಿನ ಮೇಲೆ. ಹಾಡಿನ ಪಕ್ಕದ ಅವಧಿ ನೋಡಿ: ‘ವಾಕ್ ಆನ್ ಬೈ’ 12 ನಿಮಿಷ ಇರಬೇಕು, ‘ಬೈ ದ ಟೈಮ್ ಐ ಗೆಟ್ ಟು ಫೀನಿಕ್ಸ್’ 18 ನಿಮಿಷ 42 ಸೆಕೆಂಡು. ಕಡಿಮೆ ತೋರಿಸಿದರೆ ಅದು ಬೇರೆ ಪ್ರತಿ, ಬಿಟ್ಟುಬಿಡಿ.

ಇನ್ನೊಬ್ಬರ ಬಾಯಿಗೆ ಬರೆದದ್ದು (ಕಾಲು ಗಂಟೆ)

ಹೇಯ್ಸ್ ಹುಟ್ಟಿದ್ದು 1942ರ ಆಗಸ್ಟ್ 20ರಂದು, ಟೆನೆಸ್ಸೀ ರಾಜ್ಯದ ಕವಿಂಗ್ಟನ್‌ನಲ್ಲಿ. ತಾಯಿ ಬೇಗ ತೀರಿಕೊಂಡರು, ತಂದೆ ಬಿಟ್ಟುಹೋದರು. ಸಾಕಿದ್ದು ತಾಯಿಯ ತಂದೆ-ತಾಯಿ, ಪಾಲಿಗೆ ಹೊಲ ಮಾಡುತ್ತಿದ್ದ ಬಡವರು. ಹುಡುಗ ಹತ್ತಿ ಬಿಡಿಸಿದ, ಐದನೇ ವಯಸ್ಸಿಗೆ ಚರ್ಚಿನಲ್ಲಿ ಹಾಡಿದ, ಪಿಯಾನೊ, ಆರ್ಗನ್, ಸ್ಯಾಕ್ಸೊಫೋನ್ ತಾನೇ ಕಲಿತ. ಮೆಂಫಿಸ್‌ಗೆ ಬಂದ ಮೇಲೆ ಶಾಲೆ ಬಿಟ್ಟು, ಮತ್ತೆ ಸೇರಿ, 21ನೇ ವಯಸ್ಸಿನಲ್ಲಿ ಹೈಸ್ಕೂಲು ಮುಗಿಸಿದ. ಹಗಲು ಮಾಂಸದ ಕಾರ್ಖಾನೆಯಲ್ಲಿ ಕೆಲಸ, ರಾತ್ರಿ ಕ್ಲಬ್ಬುಗಳಲ್ಲಿ ವಾದನ.

ಅಲ್ಲಿಂದ ಸ್ಟ್ಯಾಕ್ಸ್. ಮ್ಯಾಕ್‌ಲೆಮೋರ್ ಅವೆನ್ಯೂದ ಹಳೇ ಸಿನಿಮಾ ಟಾಕೀಸನ್ನು ಸ್ಟುಡಿಯೋ ಮಾಡಿಕೊಂಡಿದ್ದ ರೆಕಾರ್ಡ್ ಕಂಪನಿ. ಅಣ್ಣ-ತಂಗಿ ಅಲ್ಲ, ತಮ್ಮ-ಅಕ್ಕ ಕಟ್ಟಿದ್ದು: ಜಿಮ್ ಸ್ಟೀವರ್ಟ್ ಮತ್ತು ಎಸ್ಟೆಲ್ ಆ್ಯಕ್ಸ್‌ಟನ್, ಇಬ್ಬರ ಹೆಸರಿನ ಮೊದಲ ತುಣುಕು ಸೇರಿ ಸ್ಟ್ಯಾಕ್ಸ್. ಅಲ್ಲಿನ ಕೀಬೋರ್ಡ್ ವಾದಕ ಬುಕರ್ ಟಿ. ಜೋನ್ಸ್ ಇಂಡಿಯಾನಾಗೆ ಓದಲು ಹೋಗುತ್ತಿದ್ದರು. ಆ ಖಾಲಿ ಕುರ್ಚಿಯಲ್ಲಿ ಹೇಯ್ಸ್ ಬಂದು ಕೂತರು. ಡೇವಿಡ್ ಪೋರ್ಟರ್ ಜೊತೆ ಸೇರಿ ಬೇರೆಯವರಿಗೆ ಹಾಡು ಬರೆಯತೊಡಗಿದರು. ಮಾತು ಮುಖ್ಯವಾಗಿ ಪೋರ್ಟರ್‌ದು, ಸಂಗೀತ ಹೇಯ್ಸ್‌ದು.

ಕೇಳಬೇಕಾದ್ದು ನಾಲ್ಕು: ‘ಹೋಲ್ಡ್ ಆನ್, ಐ ಆ್ಯಮ್ ಕಮಿನ್’ (1966), ‘ಬಿ-ಎ-ಬಿ-ವೈ’ (1966), ‘ವೆನ್ ಸಮ್‌ಥಿಂಗ್ ಈಸ್ ರಾಂಗ್ ವಿತ್ ಮೈ ಬೇಬಿ’ ಮತ್ತು ‘ಸೋಲ್ ಮ್ಯಾನ್’ (1967). ಎರಡನೆಯದು ಕಾರ್ಲಾ ಥಾಮಸ್ ಹಾಡಿದ್ದು, ಉಳಿದವು ಸ್ಯಾಮ್ ಮತ್ತು ಡೇವ್ ಜೋಡಿಯವು.

ಕೇಳುವಾಗ ಒಂದು ಕೆಲಸ ಮಾಡಿ. ಮೊದಲ ಸಲ ಹಾಡುವವರನ್ನು ಕೇಳಿ. ಎರಡನೇ ಸಲ ಅವರನ್ನು ಬಿಟ್ಟು, ಸಾಲು ಮುಗಿದ ಕೂಡಲೇ ಯಾರು ಉತ್ತರ ಕೊಡುತ್ತಾರೆ ಎಂದು ಗಮನಿಸಿ. ‘ಹೋಲ್ಡ್ ಆನ್’ನಲ್ಲಿ ಉತ್ತರ ಕೊಡುವುದು ಟ್ರಂಪೆಟ್-ಸ್ಯಾಕ್ಸ್ ತಂಡ. ‘ಸೋಲ್ ಮ್ಯಾನ್’ನಲ್ಲಿ ಸ್ಟೀವ್ ಕ್ರಾಪರ್‌ರ ಗಿಟಾರ್. ಆ ಜಾರುವ ದನಿಗೆ ಕ್ರಾಪರ್ ತಂತಿಯ ಮೇಲೆ ಎಳೆದದ್ದು ಸಿಗರೇಟು ಹಚ್ಚುವ ಲೈಟರನ್ನು. ಸ್ಯಾಮ್ ನಡುವೆ ಅವರ ಹೆಸರು ಹಿಡಿದು ಕೂಗುವುದು ಅದಕ್ಕೇ. ಹೇಯ್ಸ್‌ಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಪ್ರತಿ ವಾದ್ಯದ ಪಾಲನ್ನೂ ಬಾಯಲ್ಲಿ ಹಾಡಿ ತೋರಿಸುತ್ತಿದ್ದರು. ಹಾಗಾಗಿ ಈ ಹಾಡುಗಳಲ್ಲಿ ವಾದ್ಯಗಳೂ ಮಾತಾಡುವ ಹಾಗೇ ಇರುತ್ತವೆ. ಹೇಯ್ಸ್ ಇನ್ನೂ ಎಲ್ಲಿಯೂ ಕಾಣಿಸುವುದಿಲ್ಲ, ಪಾತ್ರ ಹಂಚುವ ಕೆಲಸವನ್ನಷ್ಟೇ ಮಾಡುತ್ತಿದ್ದಾರೆ.

ಹಾಟ್ ಬಟರ್ಡ್ ಸೋಲ್ (ಮುಕ್ಕಾಲು ಗಂಟೆ, ಒಂದೇ ಸಲಕ್ಕೆ ಕೂತು)

ಇಲ್ಲಿ ನಿಧಾನ ಮಾಡಿ.

1967ರ ಡಿಸೆಂಬರ್ 10ರಂದು ಸ್ಟ್ಯಾಕ್ಸಿನ ದೊಡ್ಡ ಗಾಯಕ ಓಟಿಸ್ ರೆಡಿಂಗ್ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಜೊತೆಗೆ ಅವರಿಗೆ ನುಡಿಸುತ್ತಿದ್ದ ಬಾರ್-ಕೇಸ್ ತಂಡದ ಹೆಚ್ಚಿನ ಹುಡುಗರೂ. 1968ರಲ್ಲಿ ತನ್ನ ತಟ್ಟೆಗಳನ್ನು ಹಂಚುತ್ತಿದ್ದ ಅಟ್ಲಾಂಟಿಕ್ ಕಂಪನಿಯ ಜೊತೆಗಿನ ಒಪ್ಪಂದ ಮುರಿದಾಗ ಸ್ಟ್ಯಾಕ್ಸ್ ತನ್ನ ಹಳೇ ಧ್ವನಿಮುದ್ರಣಗಳ ಹಕ್ಕನ್ನೇ ಕಳೆದುಕೊಂಡಿತು, ಸ್ಯಾಮ್ ಮತ್ತು ಡೇವ್ ಕೂಡ ಹೋದರು. ಅಂಗಡಿ ಇದೆ, ಸರಕಿಲ್ಲ. ಕಂಪನಿಯ ಅಲ್ ಬೆಲ್ ಒಂದೇ ಏಟಿಗೆ 27 ಆಲ್ಬಮ್ ತರಲು ಹೊರಟರು. ಹೇಯ್ಸ್‌ರ ಮೊದಲ ಆಲ್ಬಮ್ ಆಗಲೇ ಬಿದ್ದಿತ್ತು. 27ರಲ್ಲಿ ಒಂದು ಓಡದಿದ್ದರೆ ಕೇಳುವವರಾರು? ಪೂರ್ತಿ ಸ್ವಾತಂತ್ರ್ಯ ಕೊಟ್ಟರೆ ಮಾಡುತ್ತೇನೆ ಎಂದರು, ಹೊಸದಾಗಿ ಕಟ್ಟಿದ ಬಾರ್-ಕೇಸ್ ತಂಡವನ್ನು ಕೂಡಿಸಿಕೊಂಡು ಮಾಡಿದರು. ಅದೇ 1969ರ ‘ಹಾಟ್ ಬಟರ್ಡ್ ಸೋಲ್’. ನಾಲ್ಕೇ ಹಾಡು. ಅಮೆರಿಕದ ಮುಖ್ಯ ಆಲ್ಬಮ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೇರಿತು.

‘ವಾಕ್ ಆನ್ ಬೈ’ ಮೂಲದಲ್ಲಿ ಡಿಯಾನ್ ವಾರ್‌ವಿಕ್ 1964ರಲ್ಲಿ ಹಾಡಿದ್ದು, ಮೂರು ನಿಮಿಷದೊಳಗಿನ ಹಾಡು. ಅದನ್ನು ಮೊದಲು ಕೇಳಿ, ಆಮೇಲೆ ಹೇಯ್ಸ್‌ದು. ಮಾತು ಅವೇ. ವಾರ್‌ವಿಕ್ ಅಳುವನ್ನು ಅಡಗಿಸಿಕೊಂಡು ಬೇಗ ಹೋಗಿಬಿಡುತ್ತಾರೆ. ಹೇಯ್ಸ್ ಹೋಗುವುದೇ ಇಲ್ಲ. ಕೊನೆಯ ಕೆಲವು ನಿಮಿಷ ಆರ್ಗನ್ನೂ ಗರಗರ ಗಿಟಾರೂ ಜಗಳಕ್ಕೆ ಬಿದ್ದ ಹಾಗಿರುತ್ತವೆ. ಬೇಸರ ಬಂದು ಮುಂದೆ ಓಡಿಸುವುದು ಇಲ್ಲೇ. ಓಡಿಸಬೇಡಿ.

ಎರಡನೇ ಹಾಡಿನ ಹೆಸರು ಒಂದೇ ಉಸಿರಿಗೆ ಹೇಳಲಾಗದಷ್ಟು ಉದ್ದ, ಬೇಕೆಂದೇ ಇಟ್ಟ ತಮಾಷೆ. ಅದರ ಪಿಯಾನೊವನ್ನು 1988ರಲ್ಲಿ ಪಬ್ಲಿಕ್ ಎನಿಮಿ ಎಂಬ ರ‍್ಯಾಪ್ ತಂಡ ತನ್ನ ಹಾಡಿಗೆ ಎತ್ತಿಕೊಂಡಿತು. ಮೂರನೆಯದು ಚಿಕ್ಕದು, ಚೆನ್ನಾಗಿದೆ.

ನಾಲ್ಕನೆಯದು ‘ಫೀನಿಕ್ಸ್’. ಜಿಮ್ಮಿ ವೆಬ್ ಬರೆದು, ಗ್ಲೆನ್ ಕ್ಯಾಂಬೆಲ್ 1967ರಲ್ಲಿ ಪ್ರಸಿದ್ಧಗೊಳಿಸಿದ ಕಂಟ್ರಿ ಹಾಡು. ಹೆಂಗಸನ್ನು ಬಿಟ್ಟು ಹೊರಟ ಗಂಡಸು ದಾರಿಯಲ್ಲಿ ಯೋಚಿಸುತ್ತಾ ಹೋಗುವುದಷ್ಟೇ ಕಥೆ. ಯಾಕೆ ಬಿಟ್ಟ ಎಂಬುದು ಮೂಲದಲ್ಲಿ ಇಲ್ಲ. ಹೇಯ್ಸ್ ಆ ‘ಯಾಕೆ’ಯನ್ನು ಹೇಳಲು ಕೂರುತ್ತಾರೆ. ಮೊದಲೇ ಹೇಳಿದ ಎಂಟು ನಿಮಿಷದ ಮಾತು ಇದೇ. ಹರಿಕಥೆ ದಾಸರು ಪೀಠಿಕೆ ಹಾಕುವಾಗ ಹಾರ್ಮೋನಿಯಂ ಶ್ರುತಿ ಹಿಡಿದು ನಿಂತಿರುತ್ತದಲ್ಲ, ಹಾಗೆ ಇಲ್ಲಿ ಆರ್ಗನ್ ಒಂದೇ ಕಡೆ ನಿಂತಿದೆ. ಬೇಸ್ ಒಂದೇ ಹೆಜ್ಜೆ ತುಳಿಯುತ್ತಿದೆ, ತಾಳದ ತಟ್ಟೆ ಗಡಿಯಾರದ ಹಾಗೆ ಟಿಕ್ ಟಿಕ್. ಟೆನೆಸ್ಸೀಯ ಗುಡ್ಡದ ಹುಡುಗ, ಲಾಸ್ ಏಂಜಲೀಸ್, ಮದುವೆ, ದ್ರೋಹ, ಬಿಟ್ಟುಹೋಗುವುದು, ಮತ್ತೆ ಮರಳುವುದು.

ಇದನ್ನು ಮೂರು ಸಲ ಕೇಳಬೇಕು, ಮೂರೂ ಸಲ ಬೇರೆ ಬೇರೆ ಕಿವಿಯಿಂದ. ಮೊದಲ ಸಲ ಕಥೆಗಾಗಿ: ಮೆಂಫಿಸ್ ಉಚ್ಚಾರ ಕಷ್ಟವಾದರೆ ಸಾಹಿತ್ಯ ಪಕ್ಕದಲ್ಲಿಟ್ಟುಕೊಳ್ಳಿ. ಎರಡನೇ ಸಲ ಮೌನಕ್ಕಾಗಿ: ಯಾವ ಮಾತಿನ ಮುಂಚೆ ತಡೆಯುತ್ತಾರೆ ನೋಡಿ. ತಡೆಯುವುದು ಮುಖ್ಯ ಮಾತಿನ ಮುಂಚೆ ಅಲ್ಲ, ಸಣ್ಣ ಮಾತಿನ ಮುಂಚೆ. ಮೂರನೇ ಸಲ, ಮಾತು ಹಾಡಾಗುವ ಜಾಗಕ್ಕಾಗಿ: ಆ ಗೆರೆ ಎಲ್ಲಿ ದಾಟಿದರು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಮೆಂಫಿಸಿನ ಕ್ಲಬ್ಬೊಂದರಲ್ಲಿ ಹರಟುತ್ತಿದ್ದ ಜನರನ್ನು ಸುಮ್ಮನಾಗಿಸಲು ಕಂಡುಕೊಂಡ ಉಪಾಯ ಇದು. ದನಿ ಏರಿಸಲಿಲ್ಲ, ಇಳಿಸಿದರು. ಮುಂದೆ ಅವರು ಮಾಡುವ ಅಷ್ಟೂ ಅಭಿನಯ ಈ ಇಳಿಸಿದ ದನಿಯ ಮೇಲೇ ನಿಂತಿದೆ.

ಹಳೇ ಎಲ್‌ಪಿ ಕೊಳ್ಳುವವರಿಗೆ ಎಚ್ಚರಿಕೆ: ಎರಡನೇ ಬದಿಯಲ್ಲಿ ಸುಮಾರು 24 ನಿಮಿಷದ ಸಂಗೀತ ತುರುಕಿದ್ದಾರೆ. ಬದಿ ಉದ್ದವಾದಷ್ಟೂ ಗೆರೆಗಳು ಇಕ್ಕಟ್ಟು, ದನಿ ಸಣ್ಣದು. ಪ್ರತಿ ಸವೆದಿದ್ದರೆ ಚರಚರ ಸದ್ದು ಮಾತಿನ ಭಾಗದಲ್ಲೇ ಎದ್ದುಕಾಣುತ್ತದೆ. ಅಂಗಡಿಯಲ್ಲಿ ಹಾಕಿ ತೋರಿಸಿ ಅನ್ನುವುದಾದರೆ ಮೊದಲ ಹಾಡಲ್ಲ, ಎರಡನೇ ಬದಿಯ ಎರಡನೇ ಹಾಡಿನ ಶುರುವನ್ನು ಹಾಕಿಸಿ. 1971ರ ‘ಬ್ಲ್ಯಾಕ್ ಮೋಸೆಸ್’ ಸಿಕ್ಕರೆ ತಟ್ಟೆಗಿಂತ ಮೊದಲು ಹೊದಿಕೆ ಬಿಚ್ಚಿ ನೋಡಿ. ಅದು ಶಿಲುಬೆಯ ಆಕಾರಕ್ಕೆ, ನಾಲ್ಕು ಅಡಿಯಷ್ಟು ಎತ್ತರಕ್ಕೆ ಬಿಚ್ಚಿಕೊಳ್ಳುತ್ತದೆ. ಹರಿದಿರುವುದು ಮಡಿಕೆಗಳಲ್ಲೇ. ಆ ಆಲ್ಬಮ್ಮಿನ ‘ಐಕ್ಸ್ ರ‍್ಯಾಪ್ 2’ ಹಾಕಿದರೆ ಎಲ್ಲೋ ಕೇಳಿದ್ದೇನೆ ಅನ್ನಿಸುತ್ತದೆ. ಪೋರ್ಟಿಸ್‌ಹೆಡ್ ತಂಡದ 1994ರ ‘ಗ್ಲೋರಿ ಬಾಕ್ಸ್’ ನಿಂತಿರುವುದು ಅದರ ಮೇಲೆ.

ಶಾಫ್ಟ್: ಬೇಕಿದ್ದು ಪಾತ್ರ, ಸಿಕ್ಕಿದ್ದು ಆಸ್ಕರ್

1971ರಲ್ಲಿ ಗೋರ್ಡನ್ ಪಾರ್ಕ್ಸ್ ಪತ್ತೇದಾರಿ ಚಿತ್ರ ‘ಶಾಫ್ಟ್’ ತೆಗೆಯುವಾಗ ಹೇಯ್ಸ್‌ಗೆ ಸಂಗೀತಕ್ಕಿಂತ ನಾಯಕನ ಪಾತ್ರದ ಮೇಲೆ ಕಣ್ಣಿತ್ತು. ಪಾತ್ರ ರಿಚರ್ಡ್ ರೌಂಡ್‌ಟ್ರೀ ಪಾಲಾಯಿತು, ಹೇಯ್ಸ್‌ಗೆ ಬಾರಿನಲ್ಲಿ ಮದ್ಯ ಸುರಿದುಕೊಡುವವನಾಗಿ ಒಂದು ಚಣದ ದರ್ಶನ. ಚಿತ್ರ ನೋಡುವಾಗ ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ.

ಶೀರ್ಷಿಕೆ ಹಾಡನ್ನು ಬಿಡಿಸಿ ಕೇಳುವ ಬಗೆ ಹೀಗೆ. ಆಲ್ಬಮ್ ಪ್ರತಿ 4 ನಿಮಿಷ 39 ಸೆಕೆಂಡು. ಮೊದಲು ವಿಲ್ಲೀ ಹಾಲ್‌ರ ಹೈ-ಹ್ಯಾಟ್ (ಡ್ರಮ್ಮಿನ ಆ ಜೋಡಿತಾಳ), ಒಂದೊಂದು ಎಣಿಕೆಯನ್ನು ನಾಲ್ಕಾಗಿ ಸೀಳಿ. ಅದು ಹಾಡಿನುದ್ದಕ್ಕೂ ನಿಲ್ಲಬಾರದು. ಶಾಫ್ಟ್ ಎಲ್ಲೂ ನಿಲ್ಲದೆ ನಡೆಯುವವನು, ಅವನ ಕಾಲು ಇದು. ಅದರ ಮೇಲೆ ಸ್ಕಿಪ್ ಪಿಟ್ಸ್‌ರ ವಾ-ವಾ ಗಿಟಾರ್. ಕಾಲಡಿಯ ಪೆಡಲ್ ಒತ್ತಿ ಬಿಟ್ಟಂತೆ ದನಿ ‘ವಾ, ವಾ’ ಎಂದು ಬಾಯಿ ತೆರೆದು ಮುಚ್ಚುತ್ತದೆ. ಆಮೇಲೆ ಪಿಯಾನೊ-ಬೇಸ್ ಜೋಡಿ, ಕೊಳಲು, ಟ್ರಂಪೆಟ್‌ಗಳು, ತಂತಿವಾದ್ಯಗಳು. ಎರಡೂವರೆ ನಿಮಿಷ ದಾಟಿದ ಮೇಲೆಯೇ ದನಿ. ಅದೂ ಹಾಡಲ್ಲ, ಪ್ರಶ್ನೋತ್ತರ: ಅವರು ಕೇಳುತ್ತಾರೆ, ಹೆಂಗಸರು ಹೇಳುತ್ತಾರೆ. ಬೈಗುಳಕ್ಕೆ ಬಾಯಿ ತೆರೆದಾಗ ಹೆಂಗಸರೇ ಬಾಯಿ ಮುಚ್ಚಿಸುತ್ತಾರೆ. ಹೇಯ್ಸ್ ತನಗೆ ಸಿಗದ ಪಾತ್ರವನ್ನು ಹಾಡಿನೊಳಗೆ ಆಡಿಬಿಟ್ಟರು ಎಂದೇ ನಮ್ಮ ಅಂಬೋಣ.

ಒಂದು ಗೊಂದಲ ಇಲ್ಲಿ ಎಲ್ಲರಿಗೂ ಬರುತ್ತದೆ: ಚಿತ್ರದಲ್ಲಿ ಕೇಳುವುದೂ ಆಲ್ಬಮ್ಮಿನದೂ ತಾಳೆಯಾಗುವುದಿಲ್ಲ. ನಿಮ್ಮ ಕಿವಿ ಸರಿಯಾಗಿಯೇ ಇದೆ. ಚಿತ್ರಕ್ಕೆ ಹಾಲಿವುಡ್‌ನಲ್ಲಿ ಮುದ್ರಿಸಿದ್ದನ್ನು ಎಲ್‌ಪಿಗಾಗಿ ಮೆಂಫಿಸ್‌ನಲ್ಲಿ ಮತ್ತೆ ನುಡಿಸಿದರು.

1972ರ ಏಪ್ರಿಲ್ 10ರಂದು ಈ ಹಾಡಿಗೆ ಆಸ್ಕರ್ ಬಂತು. ಅಭಿನಯಕ್ಕಲ್ಲದೆ ಬೇರೆ ಕೆಲಸಕ್ಕಾಗಿ ಸ್ಪರ್ಧೆಯಲ್ಲಿ ಆಸ್ಕರ್ ಗೆದ್ದ ಮೊದಲ ಆಫ್ರಿಕನ್-ಅಮೆರಿಕನ್ ಇವರೇ. ಆ ರಾತ್ರಿ ಜೊತೆಗೆ ಕರೆತಂದಿದ್ದು ಸಾಕಿದ ಅಜ್ಜಿಯನ್ನು.

ಅದೇ ವರ್ಷ ಆಗಸ್ಟ್ 20, ಹೇಯ್ಸ್‌ಗೆ 30 ತುಂಬಿದ ದಿನ, ಲಾಸ್ ಏಂಜಲೀಸ್‌ನ ಕೊಲಿಸಿಯಂನಲ್ಲಿ ವಾಟ್‌ಸ್ಟ್ಯಾಕ್ಸ್ ಕಛೇರಿ. ಟಿಕೆಟು ಒಂದು ಡಾಲರ್. ಇದರ ಚಿತ್ರ ನೋಡುವಾಗ 2003ರಲ್ಲಿ ಸರಿಪಡಿಸಿದ ಪ್ರತಿಯನ್ನೇ ಹುಡುಕಿ. 1973ರ ಬಿಡುಗಡೆಯಲ್ಲಿ ಹಕ್ಕಿನ ತಕರಾರಿನಿಂದ ‘ಶಾಫ್ಟ್’ ಹಾಡನ್ನು ತೆಗೆದು, ಆಮೇಲೆ ಚಿತ್ರಿಸಿದ ಬೇರೆ ಹಾಡನ್ನು ಅಂಟಿಸಿದ್ದರು. ಸರಪಳಿ ಅಂಗಿಯ ನಿಜವಾದ ಕೊನೆಯ ದೃಶ್ಯ ಮರಳಿದ್ದು ಆ ಹೊಸ ಪ್ರತಿಯಲ್ಲಿ.

ಈಗ ಪರದೆ

ನಟನ ಚಿತ್ರಗಳನ್ನು ವರ್ಷದ ಕ್ರಮದಲ್ಲಿ ಎಲ್ಲವನ್ನೂ ನೋಡಲು ಹೋದರೆ ಮೂರನೆಯದಕ್ಕೇ ಸಾಕಾಗುತ್ತದೆ. ಆರಿಸಿಕೊಳ್ಳಿ.

‘ಟ್ರಕ್ ಟರ್ನರ್’ (1974) ಮೊದಲು. ನಾಯಕ ಅವರೇ, ಸಂಗೀತವೂ ಅವರದೇ. ಜಾಮೀನಿನ ಮೇಲೆ ಹೊರಬಂದು ತಲೆಮರೆಸಿಕೊಂಡವರನ್ನು ಹಣಕ್ಕಾಗಿ ಹಿಡಿದುಕೊಡುವವನ ಪಾತ್ರ. ಎದುರಾಳಿ ಯಾಫೆಟ್ ಕೋಟೊ. ‘ಸ್ಟಾರ್ ಟ್ರೆಕ್’ನ ನಿಶೆಲ್ ನಿಕೋಲ್ಸ್ ಇಲ್ಲಿ ಬಾಯಿಬಡುಕಿಯಾದ ಖಳನಾಯಕಿ. ಬೈಗುಳ, ಗುಂಡೇಟು ವಿಪರೀತ. ಮಕ್ಕಳನ್ನು ಕೂರಿಸಿಕೊಂಡು ನೋಡುವಂಥದ್ದಲ್ಲ. ಹೊಡೆದಾಟದಲ್ಲಿ ಹೇಯ್ಸ್ ಅಂಥ ಪ್ರವೀಣರೇನಲ್ಲ, ಓಡುವಾಗ ಭಾರವಾಗಿ ಕಾಣುತ್ತಾರೆ. ನಿಂತಾಗ, ಕೂತಾಗ, ಕಾಯುವಾಗ ನೋಡಿ. ಬೆಕ್ಕು ಕೆಡಿಸಿದ ಅಂಗಿಯನ್ನೇ ಮೂಸಿ ತೊಟ್ಟುಕೊಳ್ಳುವ ಗಂಡಸಿನ ಸೋಮಾರಿತನ ಅವರಿಗೆ ಸರಾಗವಾಗಿ ಬರುತ್ತದೆ.

ಆಮೇಲೆ ಟಿವಿ ಸರಣಿ ‘ದ ರಾಕ್‌ಫರ್ಡ್ ಫೈಲ್ಸ್’. ಜೈಲಿನಿಂದ ಬಂದ ಗ್ಯಾಂಡಾಲ್ಫ್ ಫಿಚ್ ಆಗಿ ಕೆಲವೇ ಕಂತು. ಜೇಮ್ಸ್ ಗಾರ್ನರ್‌ರ ರಾಕ್‌ಫರ್ಡನ್ನು ‘ರಾಕ್‌ಫಿಷ್’ ಅನ್ನುತ್ತಾನೆ, ಬೇಕೆಂದೇ. ಒಂದು ಕಂತಿನಲ್ಲಿ ಎದುರಿಗೆ ಡಿಯಾನ್ ವಾರ್‌ವಿಕ್ ಇದ್ದಾರೆ, ‘ವಾಕ್ ಆನ್ ಬೈ’ಯ ಮೂಲ ಗಾಯಕಿ. ಎರಡೂ ಹಾಡು ಕೇಳಿ ಬಂದವರಿಗೆ ಆ ದೃಶ್ಯಗಳ ರುಚಿಯೇ ಬೇರೆ.

ಈ ಹೊತ್ತಿಗೆ ಬದುಕು ಮಗುಚಿತ್ತು. ಸ್ಟ್ಯಾಕ್ಸ್ ಬಾಕಿ ಕೊಡದೆ, ಹೇಯ್ಸ್ 1974ರಲ್ಲಿ ಮೊಕದ್ದಮೆ ಹೂಡಿ ಹೊರಬಂದರು. 1975ರ ಕೊನೆಗೆ ಸ್ಟ್ಯಾಕ್ಸೇ ಮುಳುಗಿತು. 1976ರಲ್ಲಿ ಹೇಯ್ಸ್ ದಿವಾಳಿ, ಸಾಲ 60 ಲಕ್ಷ ಡಾಲರ್. ಮನೆ ಹೋಯಿತು, ಬರೆದ ಹಾಡುಗಳಿಂದ ಮುಂದೆ ಬರಬೇಕಿದ್ದ ರಾಯಧನವೂ ಹೋಯಿತು. ಸಿಕ್ಕಸಿಕ್ಕ ಪಾತ್ರ ಒಪ್ಪಿದ್ದೇಕೆ ಎಂದು ಕೇಳುವವರು ಈ ಲೆಕ್ಕ ನೋಡಬೇಕು. ಆ ಕೊನೆಯ ಎಪ್ಪತ್ತರ ಡಿಸ್ಕೋ ಆಲ್ಬಮ್ಮುಗಳನ್ನು ಬಿಟ್ಟರೂ ನಷ್ಟವಿಲ್ಲ.

‘ಎಸ್ಕೇಪ್ ಫ್ರಮ್ ನ್ಯೂಯಾರ್ಕ್’ (1981) ಬಿಡಬೇಡಿ. ಇಡೀ ಮ್ಯಾನ್‌ಹಟನ್ ಜೈಲಾಗಿದೆ, ಅದರ ದೊರೆ ‘ಡ್ಯೂಕ್’ ಹೇಯ್ಸ್. ಕಾರಿನ ಮುಂದೆ ತೂಗುದೀಪಗಳು. ಸಂಗೀತ, ಚಿತ್ರದ ನಿರ್ದೇಶಕ ಜಾನ್ ಕಾರ್ಪೆಂಟರ್ ಮತ್ತು ಅಲನ್ ಹೋವರ್ತ್‌ರದು. ಅಂದರೆ ಹೇಯ್ಸ್ ಕೈಯಲ್ಲಿ ಇಲ್ಲಿ ಆರ್ಗನ್ ಇಲ್ಲ, ತಂಡ ಇಲ್ಲ. ಮಾತೂ ಕಡಿಮೆ. ಉಳಿದದ್ದು ನಿಲುವು ಮತ್ತು ಅದುರುವ ಒಂದು ಕಣ್ಣು. ನಟನೆ ಅಳೆಯಲು ಇದೇ ಸರಿಯಾದ ಚಿತ್ರ. ‘ಫೀನಿಕ್ಸ್’ನಲ್ಲಿ ತಡೆದು ಮಾತಾಡಿದ ಹಾಗೆಯೇ ಇಲ್ಲಿ ತಡೆದು ತಿರುಗುತ್ತಾರೆ.

ಶೆಫ್ ಕೊನೆಗೇ ಯಾಕೆ

1997ರಿಂದ ‘ಸೌತ್ ಪಾರ್ಕ್’. ಹುಡುಗರು ಏನೋ ಸಂದೇಹ ಹೊತ್ತು ಶೆಫ್ ಬಳಿ ಬರುತ್ತಾರೆ. ಆತ ಬುದ್ಧಿ ಹೇಳಲು ಶುರುಮಾಡುತ್ತಾನೆ, ಆರ್ಗನ್ ತಣ್ಣಗೆ ಏಳುತ್ತದೆ, ದನಿ ಇಳಿಯುತ್ತದೆ, ನೋಡನೋಡುತ್ತಾ ಬುದ್ಧಿಮಾತು ಮಂಚದ ಹಾಡಾಗಿಬಿಡುತ್ತದೆ. ಇದು 1969ರ ಆ ಎಂಟು ನಿಮಿಷದ ಅಣಕ, ಅಣಕಿಸುವವರೂ ಅವರೇ. ‘ಫೀನಿಕ್ಸ್’ ಕೇಳದವರಿಗೆ ಇಲ್ಲಿ ಕಾಣುವುದು ಪೋಲಿ ಜೋಕು ಮಾತ್ರ. ಕೇಳಿದವರು ಮಾತು ಹಾಡಾಗುವ ಗೆರೆಯನ್ನು ಇಲ್ಲಿ ಬೇಕೆಂದೇ ದಪ್ಪಗೆ ಎಳೆದಿರುವುದನ್ನು ಹಿಡಿಯುತ್ತಾರೆ. ಶೆಫ್‌ನ ಒಂದು ಪೋಲಿ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಹೋಯಿತು.

ಸರಣಿ ಬಿಟ್ಟ ಪ್ರಸಂಗವನ್ನು ಅವಸರದಲ್ಲಿ ತೀರ್ಮಾನಿಸಬೇಡಿ, ದಿನಾಂಕಗಳನ್ನು ಸಾಲಾಗಿಡಿ. ಹೇಯ್ಸ್ ಸೈಂಟಾಲಜಿ ಪಂಥದವರು. ಅದನ್ನು ಗೇಲಿ ಮಾಡಿದ ಕಂತು ಬಂದದ್ದು ನವೆಂಬರ್ 2005. ಹೇಯ್ಸ್‌ಗೆ ಪಾರ್ಶ್ವವಾಯು ಬಡಿದದ್ದು ಜನವರಿ 2006. ಅವರ ಹೆಸರಿನಲ್ಲಿ ರಾಜೀನಾಮೆಯ ಹೇಳಿಕೆ ಹೊರಬಿದ್ದದ್ದು ಮಾರ್ಚ್ 2006. ಅಪ್ಪ ಆಗ ಅಂಥ ನಿರ್ಧಾರ ಮಾಡುವ ಸ್ಥಿತಿಯಲ್ಲಿರಲಿಲ್ಲ, ಅವರ ಪರವಾಗಿ ಬೇರೆಯವರು ಬಿಡಿಸಿದರು ಎಂದು ಮಗ ಆಮೇಲೆ ಹೇಳಿದ್ದಾರೆ.

ಇದರ ಹಿಂದೆಯೇ ‘ಹಸಲ್ ಆ್ಯಂಡ್ ಫ್ಲೋ’ (2005) ಹಾಕಿ. ಮೆಂಫಿಸ್, ಬಾರಿನ ಮಾಲೀಕ ಆರ್ನೆಲ್, ಸಣ್ಣ ಪಾತ್ರ. 1971ರಲ್ಲಿ ಬಾರಿನ ಮೇಜಿನ ಹಿಂದೆ ನಿಂತು ಚಣಮಾತ್ರ ಕಂಡವರು ಇಲ್ಲಿ ಮತ್ತೆ ಬಾರಿನಲ್ಲೇ ಇದ್ದಾರೆ, ಈ ಸಲ ಯಜಮಾನನಾಗಿ. 2008ರ ಆಗಸ್ಟ್ 10ರಂದು, 66 ತುಂಬಲು ಹತ್ತು ದಿನ ಇರುವಾಗ ತೀರಿಕೊಂಡರು. ತಾವಾಗಿಯೇ ಕಾಣಿಸಿಕೊಂಡ ‘ಸೋಲ್ ಮೆನ್’ ಚಿತ್ರ ಬಂದದ್ದು ಆಮೇಲೆ. ಅದರ ನಾಯಕರಲ್ಲೊಬ್ಬರಾದ ಬರ್ನೀ ಮ್ಯಾಕ್ ಹೋದದ್ದು ಹೇಯ್ಸ್‌ಗಿಂತ ಒಂದೇ ದಿನ ಮೊದಲು.

ಅಮೆರಿಕದಲ್ಲಿ ಇರುವವರು ಮೆಂಫಿಸ್ ಕಡೆ ಹೋದರೆ 926 ಈಸ್ಟ್ ಮ್ಯಾಕ್‌ಲೆಮೋರ್ ಅವೆನ್ಯೂಗೆ ಅರ್ಧ ದಿನ ಇಡಿ. ಹಳೇ ಟಾಕೀಸನ್ನು 1989ರಲ್ಲಿ ಕೆಡವಿದರು. ಅದೇ ಜಾಗದಲ್ಲಿ ಮತ್ತೆ ಕಟ್ಟಿದ ಸ್ಟ್ಯಾಕ್ಸ್ ಮ್ಯೂಸಿಯಂ ತೆರೆದದ್ದು 2003ರಲ್ಲಿ. ಒಳಗೆ ಹೇಯ್ಸ್‌ರ 1972ರ ಕ್ಯಾಡಿಲಾಕ್ ಎಲ್ಡೊರಾಡೊ ಇದೆ: ಚಿನ್ನದ ಲೇಪ, ತುಪ್ಪಳದ ಹಾಸು, ಟಿವಿ, ಪುಟ್ಟ ಫ್ರಿಜ್ಜು. ಸ್ಟ್ಯಾಕ್ಸ್ ಒಪ್ಪಂದದ ಭಾಗವಾಗಿ ಬಂದು, ದಿವಾಳಿಯಲ್ಲಿ ಕೈಬಿಟ್ಟುಹೋದ ಕಾರು. ಒಂದು ತಿರುಗುವ ಕಟ್ಟೆಯ ಮೇಲೆ ನಿಧಾನವಾಗಿ ಸುತ್ತುತ್ತಿರುತ್ತದೆ.